ಜಾವಾದ 11,500 ಸಾಲುಗಳು: ಒರಾಕಲ್–ಗೂಗಲ್ ಮೊಕದ್ದಮೆಯ ಪ್ರಕರಣ ಅಧ್ಯಯನ

ತಂತ್ರಾಂಶದ ಮೂಲ ಕೋಡಿಗೆ ಕಾನೂನಿನ ರಕ್ಷಣೆ ಮುಖ್ಯವಾಗಿ ಎರಡು ದಾರಿಗಳಲ್ಲಿ ದೊರೆಯುತ್ತದೆ. ಬರೆದ ಸಾಲುಗಳಿಗೆ, ಅಂದರೆ ಅಭಿವ್ಯಕ್ತಿಗೆ, ಹಕ್ಕುಸ್ವಾಮ್ಯ; ಆ ಸಾಲುಗಳು ಮಾಡಿಸುವ ಕೆಲಸದಲ್ಲಿ ಹೊಸ ವಿಧಾನವೇನಾದರೂ ಇದ್ದರೆ ಅದಕ್ಕೆ ಪೇಟೆಂಟ್. ಕಾನೂನಿನ ಪಠ್ಯಪುಸ್ತಕಗಳಲ್ಲಿ ಈ ವಿಂಗಡಣೆ ಬಹಳ ಸ್ವಚ್ಛವಾಗಿ ಕಾಣುತ್ತದೆ. ಆದರೆ ಕೋಡ್ ಓದಿದರೆ ಬರಹ, ಓಡಿಸಿದರೆ ಯಂತ್ರ. ಇವೆರಡರ ನಡುವೆ ಗೆರೆ ಎಳೆಯಲೇಬೇಕಾದಾಗ ನ್ಯಾಯಾಲಯಗಳು ಎಷ್ಟು ತಡವರಿಸುತ್ತವೆ ಎಂಬುದಕ್ಕೆ, ಒರಾಕಲ್ ಕಂಪನಿಯು ಗೂಗಲ್ ವಿರುದ್ಧ ಹೂಡಿದ ಮೊಕದ್ದಮೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 2010ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಉತ್ತರ ಜಿಲ್ಲಾ ಫೆಡರಲ್ ನ್ಯಾಯಾಲಯದಲ್ಲಿ ದಾಖಲಾದ ಈ ಮೊಕದ್ದಮೆ, ಎರಡು ಜ್ಯೂರಿ ವಿಚಾರಣೆಗಳನ್ನೂ ಮೇಲ್ಮನವಿ ನ್ಯಾಯಾಲಯದ ಎರಡು ತೀರ್ಪುಗಳನ್ನೂ ದಾಟಿ, 2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೂಗಲ್ ಪರವಾಗಿ ಮುಗಿಯಿತು.

ಗೂಗಲ್ ಗೆದ್ದಿತೆಂಬ ಸುದ್ದಿ ಎಲ್ಲರಿಗೂ ಗೊತ್ತು. ಯಾವ ಆಧಾರದ ಮೇಲೆ ಗೆದ್ದಿತೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪೇಟೆಂಟ್ ವಾದ ಎರಡೇ ವರ್ಷದಲ್ಲಿ ಬಿದ್ದುಹೋಯಿತು. ಹಕ್ಕುಸ್ವಾಮ್ಯದ ಮೂಲ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರವನ್ನೇ ಕೊಡಲಿಲ್ಲ. ಗೂಗಲನ್ನು ಕೊನೆಗೆ ಉಳಿಸಿದ ‘ನ್ಯಾಯೋಚಿತ ಬಳಕೆ’ಯ (ಕೆಲವು ಸಂದರ್ಭಗಳಲ್ಲಿ ಅನುಮತಿಯಿಲ್ಲದ ನಕಲೂ ಉಲ್ಲಂಘನೆಯಲ್ಲ ಎಂಬ) ವಾದವಾದರೋ ಭಾರತದ ಕಾಯಿದೆಯಲ್ಲಿ ತಂತ್ರಾಂಶಕ್ಕೆ ದೊರೆಯುವಂಥದ್ದೇ ಅಲ್ಲ. ಈ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದೇ ಈ ಬರಹದ ಉದ್ದೇಶ.

ಹಿನ್ನೆಲೆ

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು ರೂಪಿಸಿದ ಜಾವಾ ಭಾಷೆ 1995ರಲ್ಲಿ ಹೊರಬಂತು. ಒಮ್ಮೆ ಬರೆದ ಪ್ರೋಗ್ರಾಂ ಯಾವ ಯಂತ್ರದಲ್ಲಿ ಬೇಕಾದರೂ ಓಡಬೇಕೆಂಬುದು ಅದರ ಹೆಗ್ಗಳಿಕೆ. ಭಾಷೆಯನ್ನು ಯಾರು ಬೇಕಾದರೂ ಬಳಸಬಹುದಿತ್ತು. ಅದರ ಜೊತೆಗಿದ್ದ ಸಿದ್ಧ ಕೋಡಿನ ದೊಡ್ಡ ಭಂಡಾರವನ್ನು ಬಳಸಿ ಬೇರೊಂದು ವೇದಿಕೆ ಕಟ್ಟುವವರಿಗೆ ಮಾತ್ರ ಸನ್ ಪರವಾನಗಿಯ ಷರತ್ತುಗಳನ್ನು ಇಟ್ಟಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಜಾವಾ ಕಲಿತವರ ಸಂಖ್ಯೆ ಎಷ್ಟಾಗಿತ್ತೆಂದರೆ, ಸುಪ್ರೀಂ ಕೋರ್ಟಿನ ತೀರ್ಪು ಸುಮಾರು 60 ಲಕ್ಷ ಪ್ರೋಗ್ರಾಮರುಗಳ ಮಾತನಾಡುತ್ತದೆ. ಇಡೀ ಪ್ರಕರಣದ ತಿರುಳು ಇಲ್ಲೇ ಇದೆ.

2005ರಲ್ಲಿ ಗೂಗಲ್, ಆಂಡಿ ರೂಬಿನ್ ಮತ್ತಿತರರು ಕಟ್ಟಿದ್ದ ಆಂಡ್ರಾಯ್ಡ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತು. ಹೊಸ ಫೋನ್ ವೇದಿಕೆಗೆ ಆ್ಯಪ್ ಬರೆಯುವವರು ಬೇಕು, ಬರೆಯಬಲ್ಲವರಲ್ಲಿ ಬಹುಪಾಲು ಮಂದಿಗೆ ಜಾವಾ ಗೊತ್ತು. ಹೀಗಾಗಿ ಗೂಗಲ್ ಮತ್ತು ಸನ್ ನಡುವೆ ಪರವಾನಗಿಯ ಮಾತುಕತೆ ಆರಂಭವಾಯಿತು. ಆಂಡ್ರಾಯ್ಡಿಗಾಗಿ ಬರೆದ ಪ್ರೋಗ್ರಾಂಗಳು ಇತರ ಜಾವಾ ವೇದಿಕೆಗಳಲ್ಲೂ ಓಡಬೇಕೆಂಬುದು ಸನ್‌ನ ಪಟ್ಟು. ತನ್ನ ವೇದಿಕೆಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡಬೇಕು, ಬೇಕಾದಂತೆ ತಿದ್ದಿಕೊಳ್ಳುವ ಅವಕಾಶ ಇರಬೇಕು ಎಂಬುದು ಗೂಗಲಿನ ಪಟ್ಟು. ಮಾತುಕತೆ ಮುರಿದುಬಿತ್ತು. ಗೂಗಲ್ ತನ್ನದೇ ವೇದಿಕೆಯನ್ನು ಕಟ್ಟಿಕೊಂಡಿತು. ಸುಮಾರು ನೂರು ಎಂಜಿನಿಯರುಗಳು ಮೂರು ವರ್ಷಕ್ಕೂ ಹೆಚ್ಚು ಕಾಲ ಅದಕ್ಕಾಗಿ ದುಡಿದರು. ಜಾವಾ ಪ್ರೋಗ್ರಾಂಗಳನ್ನು ಓಡಿಸುವ ತಂತ್ರಾಂಶ-ಯಂತ್ರವಾದ ಜಾವಾ ವರ್ಚುವಲ್ ಮಷೀನ್ ಬದಲಿಗೆ ಡಾಲ್ವಿಕ್ ಎಂಬ ಬೇರೆಯದೇ ಯಂತ್ರ ಬಂತು. ಕೋಡ್ ಬಹುಪಾಲು ಹೊಸದು. ಆದರೆ ಜಾವಾ ಬಲ್ಲವರಿಗೆ ಆಂಡ್ರಾಯ್ಡ್ ಹೊಸ ಊರೆನಿಸಬಾರದೆಂದು, 37 ಪ್ಯಾಕೇಜುಗಳ (ಸಿದ್ಧ ಕೋಡಿನ ಕಟ್ಟುಗಳ) ಘೋಷಣಾ ಸಾಲುಗಳನ್ನು, ಅಂದರೆ ಆ ಕೋಡನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಹೇಳುವ ಸಾಲುಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಳ್ಳಲಾಯಿತು.

2007ರ ನವೆಂಬರ್‌ನಲ್ಲಿ ಆಂಡ್ರಾಯ್ಡ್ ಪ್ರಕಟವಾದಾಗ ಸನ್‌ನ ಆಗಿನ ಮುಖ್ಯಸ್ಥ ಜೋನಾಥನ್ ಶ್ವಾರ್ಟ್ಜ್ ಬಹಿರಂಗವಾಗಿಯೇ ಅಭಿನಂದನೆ ಬರೆದರು. ಮುಂದೆ ಇದೇ ಬರಹ ಗೂಗಲಿನ ಕೈಯಲ್ಲಿ ಸಾಕ್ಷ್ಯವಾಯಿತು, ಶ್ವಾರ್ಟ್ಜ್ ಕೂಡ ಗೂಗಲ್ ಪರವಾಗಿಯೇ ಸಾಕ್ಷಿ ನುಡಿದರು. ಒರಾಕಲ್ ಬಂದ ಮೇಲೆ ಗಾಳಿ ಬದಲಾಯಿತು. ಸುಮಾರು 740 ಕೋಟಿ ಡಾಲರಿಗೆ ಸನ್ ಕಂಪನಿಯನ್ನು ಕೊಳ್ಳುವ ವ್ಯವಹಾರವನ್ನು ಒರಾಕಲ್ 2010ರ ಜನವರಿಯಲ್ಲಿ ಪೂರ್ತಿಗೊಳಿಸಿತು. ಏಳು ತಿಂಗಳಿಗೆ ಮೊಕದ್ದಮೆ ಹೂಡಿತು.

ವಿವಾದದಲ್ಲಿದ್ದ ಸಾಲುಗಳು

ಜಾವಾದಲ್ಲಿ ಎರಡು ಸಂಖ್ಯೆಗಳ ಪೈಕಿ ದೊಡ್ಡದನ್ನು ಆರಿಸುವ ‘ಮ್ಯಾಕ್ಸ್’ ಎಂಬ ಮೆಥಡ್, ಅಂದರೆ ಒಂದು ಕೆಲಸ ಮಾಡಿಕೊಡುವ ಸಿದ್ಧ ತುಣುಕು, ಇದೆ. ಅದು ‘ಮ್ಯಾಥ್’ ಎಂಬ ಕ್ಲಾಸಿನ ಒಳಗೂ, ಆ ಕ್ಲಾಸು ‘ಜಾವಾ.ಲ್ಯಾಂಗ್’ ಎಂಬ ಪ್ಯಾಕೇಜಿನ ಒಳಗೂ ಕುಳಿತಿದೆ. ಸುಪ್ರೀಂ ಕೋರ್ಟ್ ತನ್ನ ತೀರ್ಪಿನ ಕೊನೆಗೆ ಅನುಬಂಧವಾಗಿ ಲಗತ್ತಿಸಿಕೊಂಡದ್ದೂ ಇದೇ ಉದಾಹರಣೆಯನ್ನು. ಈ ಮೆಥಡ್‌ನಲ್ಲಿ ಎರಡು ಭಾಗಗಳಿವೆ. ಮೇಲಿನ ಸಾಲು ಘೋಷಣೆ: ‘ಪಬ್ಲಿಕ್ ಸ್ಟ್ಯಾಟಿಕ್ ಇಂಟ್ ಮ್ಯಾಕ್ಸ್’, ಅದರ ಪಕ್ಕದ ಆವರಣದೊಳಗೆ ‘ಇಂಟ್ ಎಕ್ಸ್, ಇಂಟ್ ವೈ’. ಹೆಸರೇನು, ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ ಎಂಬಷ್ಟನ್ನೇ ಅದು ಹೇಳುತ್ತದೆ. ಅದರ ಕೆಳಗಿನದು ಕಾರ್ಯಗತ ಕೋಡ್: ಎಕ್ಸ್ ದೊಡ್ಡದಾದರೆ ಎಕ್ಸನ್ನು ಹಿಂದಿರುಗಿಸು, ಇಲ್ಲವಾದರೆ ವೈಯನ್ನು. ಕೆಲಸ ನಡೆಯುವುದು ಈ ಎರಡನೆಯ ಭಾಗದಲ್ಲಿ.

ಕಾರ್ಯಗತ ಕೋಡನ್ನು ನೂರು ಬಗೆಯಲ್ಲಿ ಬರೆಯಬಹುದು, ಗೂಗಲ್ ತಾನೇ ಬರೆದುಕೊಂಡಿತು ಇಲ್ಲವೇ ಅಪಾಚೆ ಹಾರ್ಮನಿಯಂಥ ಮುಕ್ತ ಯೋಜನೆಗಳಿಂದ ತೆಗೆದುಕೊಂಡಿತು. ಘೋಷಣೆಯ ಸಾಲಿಗೆ ಆ ಸ್ವಾತಂತ್ರ್ಯವಿಲ್ಲ. ಅದರ ಹೆಸರಿನಲ್ಲಿ ಒಂದು ಅಕ್ಷರ ಬದಲಾದರೂ ‘ಮ್ಯಾಥ್.ಮ್ಯಾಕ್ಸ್’ ಎಂದು ಕರೆದಿರುವ ಹಳೆಯ ಪ್ರೋಗ್ರಾಂ ಕಂಪೈಲೇ ಆಗದು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ಬದಲಾಗದು. ಬರೆಯುವವರ ಬೆರಳಿಗೆ ರೂಢಿಯಾಗಿರುವುದು ಈ ಹೆಸರು, ಈ ಅನುಕ್ರಮ. ಯಾವ ಮೆಥಡ್ ಯಾವ ಕ್ಲಾಸಿನಲ್ಲಿ, ಯಾವ ಕ್ಲಾಸ್ ಯಾವ ಪ್ಯಾಕೇಜಿನಲ್ಲಿ ಎಂಬ ಈ ಜೋಡಣೆಯನ್ನು ನ್ಯಾಯಾಲಯಗಳು ‘ರಚನೆ, ಅನುಕ್ರಮ ಮತ್ತು ವ್ಯವಸ್ಥೆ’ ಎಂದು ಕರೆದವು.

ಒರಾಕಲ್ ದೂರಿದ್ದು ಈ ಬಗೆಯ ಸುಮಾರು 11,500 ಸಾಲುಗಳ ಬಗ್ಗೆ. ಜಾವಾದ ಆ ಇಡೀ ಎಪಿಐ (ಪ್ರೋಗ್ರಾಮರುಗಳು ಕರೆದು ಬಳಸುವ ಸಿದ್ಧ ಕೋಡಿನ ವ್ಯವಸ್ಥೆ) ಸುಮಾರು 28.6 ಲಕ್ಷ ಸಾಲುಗಳಷ್ಟಿತ್ತು. ನಕಲಾದ ಭಾಗ ಅದರ ಶೇ 0.4. ಶೇಕಡಾವಾರು ಸಣ್ಣದು ನಿಜ. ಆದರೆ ಜಾವಾ ಭಾಷೆಯಲ್ಲಿ ಬರೆಯುವುದಕ್ಕೆ ಅನಿವಾರ್ಯವಾಗಿದ್ದದ್ದು ಬರೀ 170 ಸಾಲುಗಳಷ್ಟೇ ಎಂಬುದೂ ದಾಖಲೆಯಲ್ಲಿತ್ತು. ಉಳಿದ 11,330 ಸಾಲುಗಳನ್ನು ಗೂಗಲ್ ತೆಗೆದುಕೊಂಡದ್ದು ತಾಂತ್ರಿಕವಾಗಿ ಬೇರೆ ದಾರಿಯಿಲ್ಲದ್ದಕ್ಕಲ್ಲ, ಪ್ರೋಗ್ರಾಮರುಗಳು ಸುಲಭವಾಗಿ ತನ್ನ ಕಡೆಗೆ ಬರಲೆಂದು. ಗೂಗಲಿನ ಬೆಂಬಲಿಗರು ಈ ಅಂಶವನ್ನು ಆದಷ್ಟು ಮೆಲ್ಲಗೆ ಹೇಳುತ್ತಾರೆ.

ಪೇಟೆಂಟುಗಳ ಸೋಲು

ಮೊಕದ್ದಮೆ ದಾಖಲಾದಾಗ ಎಲ್ಲರ ಕಣ್ಣು ಇದ್ದದ್ದು ಪೇಟೆಂಟುಗಳ ಮೇಲೆ. ಒರಾಕಲ್ ಏಳು ಪೇಟೆಂಟುಗಳನ್ನು ಮುಂದಿಟ್ಟಿತ್ತು. ಗೂಗಲ್ ಅವುಗಳ ಮರುಪರಿಶೀಲನೆಗೆ ಪೇಟೆಂಟ್ ಕಚೇರಿಯ ಮೊರೆಹೋಯಿತು, ಹಲವು ಹಕ್ಕುಗಳು ಅಲ್ಲಿ ತಿರಸ್ಕೃತವಾದವು, 2012ರಲ್ಲಿ ವಿಚಾರಣೆ ಆರಂಭವಾಗುವ ಹೊತ್ತಿಗೆ ಉಳಿದದ್ದು ಎರಡೇ.

ಮೊದಲನೆಯದು ಸ್ವತಃ ಗಾಸ್ಲಿಂಗ್ ಅವರದು, 1992ರಲ್ಲಿ ಅರ್ಜಿ ಸಲ್ಲಿಸಿದ್ದು. ಪ್ರೋಗ್ರಾಂ ಓಡುವಾಗ ದತ್ತಾಂಶವನ್ನು ಹೆಸರಿನಿಂದ ಹುಡುಕಿದರೆ ಪ್ರತಿ ಸಲವೂ ತಡವಾಗುತ್ತದೆ. ಮೊದಲ ಸಲ ಸಿಕ್ಕ ಸ್ಥಾನವನ್ನು ಸಂಖ್ಯೆಯಾಗಿ ಬದಲಿಸಿಟ್ಟುಕೊಂಡರೆ ಮುಂದಿನ ಸಲ ನೇರವಾಗಿ ಅಲ್ಲಿಗೇ ಹೋಗಬಹುದು. ಸರಳವಾದ, ಜಾಣತನದ ಉಪಾಯ. ಪೇಟೆಂಟಿನ ವ್ಯಾಪ್ತಿ ಎಷ್ಟೆಂದು ಹೇಳುವ ಹಕ್ಕುವಾಕ್ಯವು ‘ಸಾಂಕೇತಿಕ ಉಲ್ಲೇಖ’ಗಳಿರುವ ಆದೇಶಗಳ ಬಗ್ಗೆ ಹೇಳಿತ್ತು. ಡಾಲ್ವಿಕ್ ಆದೇಶಗಳಲ್ಲಿರುವುದು ಹೆಸರಲ್ಲ, ಕೋಷ್ಟಕದ ಕ್ರಮಸಂಖ್ಯೆ, ಆದ್ದರಿಂದ ಅದು ಸಾಂಕೇತಿಕವಲ್ಲ ಎಂದು ಗೂಗಲ್ ವಾದಿಸಿತು. ಆ ಸಂಖ್ಯೆಯನ್ನು ಹಿಂಬಾಲಿಸಿದರೆ ಕೊನೆಗೆ ಸಿಗುವುದು ಹೆಸರೇ ತಾನೆ ಎಂದು ಒರಾಕಲ್ ಕೇಳಿತು. ಎರಡನೆಯ ಪೇಟೆಂಟ್, ಅರೇಗಳಿಗೆ (ಸಾಲಾಗಿ ಜೋಡಿಸಿಟ್ಟ ಮೌಲ್ಯಗಳ ಪಟ್ಟಿಗಳಿಗೆ) ಆರಂಭಿಕ ಮೌಲ್ಯ ತುಂಬುವ ಉದ್ದನೆಯ ಆದೇಶಗಳನ್ನು ಮೊದಲೇ ಅಣಕು ಓಟ ಓಡಿಸಿ ನೋಡಿ ಚಿಕ್ಕದಾಗಿಸುವ ಕ್ರಮದ್ದು. ನಮ್ಮ ಸಾಧನ ಅಣಕು ಓಟ ಓಡಿಸುವುದಿಲ್ಲ, ಆದೇಶಗಳ ನಮೂನೆಯನ್ನಷ್ಟೇ ಗುರುತಿಸುತ್ತದೆ ಎಂಬುದು ಗೂಗಲಿನ ಉತ್ತರವಾಗಿತ್ತು. ಎರಡೂ ಪೇಟೆಂಟುಗಳ ಉಲ್ಲಂಘನೆಯಾಗಿಲ್ಲವೆಂದು 2012ರ ಮೇ 23ರಂದು ಜ್ಯೂರಿ ತೀರ್ಮಾನಿಸಿತು.

ಪೇಟೆಂಟಿನ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ. ಅದು ಅಭಿವ್ಯಕ್ತಿಯನ್ನು ದಾಟಿ ವಿಧಾನವನ್ನೇ ಹಿಡಿಯುತ್ತದೆ, ಎದುರಾಳಿ ಕೋಡನ್ನು ಕಣ್ಣಾರೆ ನೋಡದೆ ತಾನೇ ಬರೆದಿದ್ದರೂ ತಪ್ಪಿಸಿಕೊಳ್ಳಲಾರ. ಆದರೆ ಹಕ್ಕುವಾಕ್ಯದಲ್ಲಿನ ಒಂದೇ ಒಂದು ಪದ ಹೊಂದದಿದ್ದರೂ ಇಡೀ ಆರೋಪ ಕುಸಿಯುತ್ತದೆ. ಜೊತೆಗೆ ಅದರ ಆಯುಸ್ಸು ಅರ್ಜಿಯ ದಿನದಿಂದ 20 ವರ್ಷ ಮಾತ್ರ. ಗಾಸ್ಲಿಂಗ್ ಪೇಟೆಂಟ್ 2012ರಲ್ಲಿ ಹೇಗಿದ್ದರೂ ಮುಪ್ಪಿನಲ್ಲಿತ್ತು. ಕಂಪನಿಯ ಹೆಸರಿನಲ್ಲಿರುವ ಕೃತಿಗೆ ಅಮೆರಿಕದಲ್ಲಿ ಪ್ರಕಟಣೆಯಿಂದ 95 ವರ್ಷಗಳ ಹಕ್ಕುಸ್ವಾಮ್ಯ ದೊರೆಯುತ್ತದೆ, ಅದನ್ನು ಯಾವ ಪರೀಕ್ಷಕನೂ ಹೊಸತನಕ್ಕಾಗಿ ತಡಕಾಡುವುದಿಲ್ಲ. ಒರಾಕಲ್ ಮುಂದಿನ ಒಂಬತ್ತು ವರ್ಷ ಹಕ್ಕುಸ್ವಾಮ್ಯವನ್ನೇ ಹಿಡಿದು ಹೋರಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಹಂತದಲ್ಲಿ ಗೂಗಲಿಗೆ ಎಲ್ಲಕ್ಕಿಂತ ಹೆಚ್ಚು ಮುಜುಗರ ತಂದದ್ದು ಒಂದು ಇ-ಮೇಲ್. ಹಿಂದೆ ಸನ್‌ನಲ್ಲಿದ್ದು ಆಮೇಲೆ ಗೂಗಲ್ ಸೇರಿದ್ದ ಎಂಜಿನಿಯರ್ ಟಿಮ್ ಲಿಂಡೋಮ್, ಮೊಕದ್ದಮೆ ದಾಖಲಾಗುವುದಕ್ಕೆ ಕೆಲವೇ ದಿನ ಮೊದಲು, ಜಾವಾಕ್ಕೆ ಪರ್ಯಾಯವಾಗಿ ನೋಡಿದ ಯಾವುದೂ ಪ್ರಯೋಜನವಿಲ್ಲ, ಪರವಾನಗಿಗಾಗಿ ಮಾತುಕತೆ ನಡೆಸಬೇಕು ಎಂಬ ಅರ್ಥದ ಟಿಪ್ಪಣಿ ಬರೆದಿದ್ದರು. ವಕೀಲರಿಗೆ ಕಳಿಸಿದ ಗೋಪ್ಯ ಪತ್ರವೆಂದು ಗೂಗಲ್ ಅದನ್ನು ತಡೆಹಿಡಿಯಿತು. ಆದರೆ ಬರೆಯುತ್ತಿದ್ದಾಗ ತಂತಾನೇ ಉಳಿದುಕೊಂಡಿದ್ದ ಕರಡು ಪ್ರತಿಗಳು, ಗೋಪ್ಯತೆಯ ತಲೆಬರಹ ಬೀಳುವ ಮುನ್ನಿನವು, ಕಡತಗಳ ಜೊತೆಯಲ್ಲಿ ಒರಾಕಲ್ ಕೈಗೆ ಹೋಗಿದ್ದವು. ಗೋಪ್ಯತೆಯ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ.

ಮೊದಲ ವಿಚಾರಣೆ ಮತ್ತು ಒಂಬತ್ತು ಸಾಲುಗಳು

ಹಕ್ಕುಸ್ವಾಮ್ಯದ ಭಾಗವನ್ನು ನ್ಯಾಯಾಧೀಶ ವಿಲಿಯಂ ಆಲ್ಸಪ್ ವಿಚಿತ್ರವಾದ ಆದರೆ ವಿವೇಕದ ಕ್ರಮದಲ್ಲಿ ನಡೆಸಿದರು. ಘೋಷಣಾ ಸಾಲುಗಳಿಗೆ ಹಕ್ಕುಸ್ವಾಮ್ಯ ಇದೆಯೆಂದೇ ಭಾವಿಸಿಕೊಂಡು ಉಳಿದ ಪ್ರಶ್ನೆಗಳಿಗೆ ಉತ್ತರ ಕೊಡಿ ಎಂದು ಜ್ಯೂರಿಗೆ ಹೇಳಿ, ಹಕ್ಕುಸ್ವಾಮ್ಯ ನಿಜಕ್ಕೂ ಇದೆಯೇ ಎಂಬ ಕಾನೂನಿನ ಪ್ರಶ್ನೆಯನ್ನು ತಮ್ಮ ಬಳಿ ಇಟ್ಟುಕೊಂಡರು. ಮೇ 7ರಂದು ಜ್ಯೂರಿ ಉಲ್ಲಂಘನೆಯಾಗಿದೆ ಎಂದಿತು, ಅದು ನ್ಯಾಯೋಚಿತ ಬಳಕೆಯೇ ಎಂಬುದರ ಮೇಲೆ ಒಮ್ಮತಕ್ಕೆ ಬರಲಾರದೆ ಕೈಚೆಲ್ಲಿತು.

ಘೋಷಣಾ ಸಾಲುಗಳ ಹೊರತಾಗಿ ಅಕ್ಷರಶಃ ನಕಲಾಗಿದೆಯೆಂದು ಜ್ಯೂರಿ ಹೇಳಿದ್ದು ‘ರೇಂಜ್‌ಚೆಕ್’ ಎಂಬ ಒಂಬತ್ತು ಸಾಲಿನ ತುಣುಕನ್ನು. ಅರೇಯ ಉದ್ದ, ಎಲ್ಲಿಂದ, ಎಲ್ಲಿಯವರೆಗೆ ಎಂಬ ಮೂರು ಸಂಖ್ಯೆಗಳನ್ನು ತೆಗೆದುಕೊಂಡು, ಆರಂಭವು ಅಂತ್ಯಕ್ಕಿಂತ ದೊಡ್ಡದಾಗಿದ್ದರೆ, ಆರಂಭವು ಸೊನ್ನೆಗಿಂತ ಕಡಿಮೆಯಾಗಿದ್ದರೆ, ಅಥವಾ ಅಂತ್ಯವು ಅರೇಯ ಉದ್ದವನ್ನು ಮೀರಿದ್ದರೆ ದೋಷವೆಂದು ತಿಳಿಸುವುದಷ್ಟೇ ಅದರ ಕೆಲಸ. ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿ ಬರೆಯಬಲ್ಲ ಕೋಡ್. ಸನ್‌ನಲ್ಲಿದ್ದಾಗ ಅದನ್ನು ಬರೆದ ಜೋಶುವಾ ಬ್ಲಾಕ್ 2004ರಲ್ಲಿ ಗೂಗಲ್ ಸೇರಿದ್ದರು. ಅಲ್ಲಿ ಬರೆದ ವಿಂಗಡಣೆಯ ಪ್ರೋಗ್ರಾಂ ಒಂದರಲ್ಲಿ ಅದೇ ತುಣುಕು ಮತ್ತೆ ಕಾಣಿಸಿಕೊಂಡಿತ್ತು. ತಾನೂ ಪ್ರೋಗ್ರಾಂ ಬರೆಯುವವನೇ, ಇಂಥದ್ದನ್ನು ಎಷ್ಟೋ ಸಲ ಬರೆದಿದ್ದೇನೆ ಎಂದು ಆಲ್ಸಪ್ ಕಲಾಪದ ನಡುವೆಯೇ ಒರಾಕಲ್ ವಕೀಲರಿಗೆ ಹೇಳಿದರು. ಈ ತುಣುಕಿಗೆ ಕೊನೆಗೆ ಪರಿಹಾರದ ಮೊತ್ತ ಸೊನ್ನೆ ಎಂದು ಎರಡೂ ಕಡೆಯವರು ಒಪ್ಪಿಕೊಂಡರು.

ಬೆಂಗಳೂರಿನ ಓದುಗರಿಗೆ ಈ ಒಂಬತ್ತು ಸಾಲು ಉಳಿದ ಹನ್ನೊಂದೂವರೆ ಸಾವಿರಕ್ಕಿಂತ ಹತ್ತಿರದ್ದು ಎನ್ನಿಸಿದರೆ ತಪ್ಪಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದ ಕೃತಿಗೆ ಮೊದಲ ಒಡೆಯ ನೌಕರಿ ಕೊಟ್ಟವನೇ. ಕಂಪನಿ ಬಿಟ್ಟು ಕಂಪನಿ ಸೇರುವಾಗ ಹಳೆಯ ಲ್ಯಾಪ್‌ಟಾಪ್ ಹಿಂದಿರುಗಿಸುವಷ್ಟು ಸುಲಭವಾಗಿ ಕೈಗೆ ಹತ್ತಿದ ಕೋಡನ್ನು ಹಿಂದಿರುಗಿಸಲು ಬಾರದು. ಬರೆದವರೇ ಮತ್ತೆ ಬರೆದರೂ ಹಕ್ಕು ಹಳೆಯ ಮಾಲೀಕನದೇ ಆಗಿರಬಹುದು.

ಮೇ 31ರಂದು ಆಲ್ಸಪ್ ತಮ್ಮ ಪಾಲಿನ ತೀರ್ಪು ಕೊಟ್ಟರು. ಅಮೆರಿಕದ ಹಕ್ಕುಸ್ವಾಮ್ಯ ಕಾಯಿದೆಯ 102(ಬಿ) ಕಲಮು ವಿಚಾರ, ಕಾರ್ಯವಿಧಾನ, ವ್ಯವಸ್ಥೆ, ಕಾರ್ಯಾಚರಣೆಯ ಕ್ರಮ ಇವುಗಳಿಗೆ ರಕ್ಷಣೆ ನಿರಾಕರಿಸುತ್ತದೆ. ಇದರ ಬೇರು 1879ರ ಬೇಕರ್–ಸೆಲ್ಡನ್ ತೀರ್ಪಿನಲ್ಲಿದೆ. ಲೆಕ್ಕ ಬರೆಯುವ ಪದ್ಧತಿಯನ್ನು ವಿವರಿಸಿದ ಪುಸ್ತಕಕ್ಕೆ ಹಕ್ಕುಸ್ವಾಮ್ಯ ಉಂಟು, ಆ ಪದ್ಧತಿಗೆ ಇಲ್ಲ ಎಂದು ಅಂದಿನ ನ್ಯಾಯಾಲಯ ಹೇಳಿತ್ತು. ನಿಗದಿತ ಕೆಲಸವನ್ನು ಕರೆಯಲು ನಿಗದಿತ ಹೆಸರನ್ನೇ ಬಳಸಬೇಕೆಂದು ಭಾಷೆಯ ನಿಯಮವೇ ಒತ್ತಾಯಿಸುವಾಗ, ಘೋಷಣಾ ಸಾಲುಗಳು ಹಾಗೂ ಅವುಗಳ ಜೋಡಣೆ ಕಾರ್ಯಾಚರಣೆಯ ಕ್ರಮವಷ್ಟೇ ಎಂದು ಆಲ್ಸಪ್ ನಿರ್ಧರಿಸಿದರು. ಇಡೀ ಪ್ರಕರಣದಲ್ಲಿ ಮೂಲ ಪ್ರಶ್ನೆಯನ್ನು ಎದುರಿಗೆ ನಿಂತು ಎದುರಿಸಿ ಗೂಗಲ್ ಪರವಾಗಿ ಉತ್ತರಿಸಿದ ತೀರ್ಪು ಇದೊಂದೇ. ನನ್ನ ದೃಷ್ಟಿಯಲ್ಲಿ ತರ್ಕಬದ್ಧವಾದದ್ದೂ ಇದೇ.

ಸತ್ತ ಪೇಟೆಂಟುಗಳು ಆರಿಸಿದ ನ್ಯಾಯಾಲಯ

ಹಕ್ಕುಸ್ವಾಮ್ಯದ ಮೇಲ್ಮನವಿಗಳು ಸಾಮಾನ್ಯವಾಗಿ ಪ್ರಾದೇಶಿಕ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗುತ್ತವೆ. ಕ್ಯಾಲಿಫೋರ್ನಿಯಾದ ಮಟ್ಟಿಗೆ ಅದು ಒಂಬತ್ತನೇ ಸರ್ಕ್ಯೂಟ್. ತಂತ್ರಾಂಶಗಳು ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೆ ಬೇಕಾದ ನಕಲನ್ನು 1992ರ ಸೆಗಾ–ಅಕ್ಕೊಲೇಡ್ ಪ್ರಕರಣದಲ್ಲಿ ಸಹಾನುಭೂತಿಯಿಂದ ನೋಡಿದ್ದ ನ್ಯಾಯಾಲಯ ಅದು. ಆದರೆ ಮೂಲ ದೂರಿನಲ್ಲಿ ಪೇಟೆಂಟ್ ಆರೋಪ ಇತ್ತೆಂಬ ಒಂದೇ ಕಾರಣಕ್ಕೆ ಮೇಲ್ಮನವಿಯು, ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ವಾಷಿಂಗ್ಟನ್‌ನ ಫೆಡರಲ್ ಸರ್ಕ್ಯೂಟ್ ಪಾಲಾಯಿತು. ಪೇಟೆಂಟುಗಳ ಸೋಲನ್ನು ಒರಾಕಲ್ ಪ್ರಶ್ನಿಸಿಯೂ ಇರಲಿಲ್ಲ. ಸೋತು ಮೂಲೆ ಸೇರಿದ್ದ ಪೇಟೆಂಟುಗಳೇ ಹಕ್ಕುಸ್ವಾಮ್ಯದ ಭವಿಷ್ಯವನ್ನು ಯಾರು ಬರೆಯಬೇಕೆಂದು ನಿರ್ಧರಿಸಿದವು. ಒಂಬತ್ತನೇ ಸರ್ಕ್ಯೂಟಿನ ಕಾನೂನನ್ನೇ ಅನ್ವಯಿಸಬೇಕೆಂಬ ನಿಯಮವೇನೋ ಇದೆ. ಆದರೆ ಅದನ್ನು ಓದುವ ಕಣ್ಣು ಬೇರೆಯವರದು.

2014ರ ಮೇ 9ರಂದು ಫೆಡರಲ್ ಸರ್ಕ್ಯೂಟ್ ಆಲ್ಸಪ್ ಅವರ ತೀರ್ಪನ್ನು ತಲೆಕೆಳಗು ಮಾಡಿತು. ಅದರ ತರ್ಕ ಹೀಗಿತ್ತು: ಜಾವಾವನ್ನು ರೂಪಿಸಿದವರಿಗೆ ಆ ಹೆಸರುಗಳನ್ನೂ ಆ ಜೋಡಣೆಯನ್ನೂ ಅಸಂಖ್ಯ ಬಗೆಗಳಲ್ಲಿ ಆರಿಸಿಕೊಳ್ಳುವ ಅವಕಾಶವಿತ್ತು, ಅವರು ಸೃಜನಶೀಲವಾಗಿ ಒಂದನ್ನು ಆರಿಸಿಕೊಂಡರು, ಆದ್ದರಿಂದ ಅದು ಅಭಿವ್ಯಕ್ತಿ. ಆಯ್ಕೆಯ ಸ್ವಾತಂತ್ರ್ಯವನ್ನು ಅಳೆಯಬೇಕಾದದ್ದು ಮೊದಲು ಬರೆದವರ ಕಾಲದಲ್ಲಿ, ನಕಲು ಮಾಡಿದವರ ಕಾಲದಲ್ಲಿ ಅಲ್ಲ. ಎರಡೂ ಪಕ್ಷಗಳ ವಾದ ಕವಲೊಡೆಯುವುದು ಈ ಒಂದು ಬಿಂದುವಿನಲ್ಲೇ. ಗೂಗಲ್ ಸುಪ್ರೀಂ ಕೋರ್ಟಿಗೆ ಹೋಯಿತು, 2015ರ ಜೂನ್‌ನಲ್ಲಿ ಅರ್ಜಿ ತಿರಸ್ಕೃತವಾಯಿತು, ನ್ಯಾಯೋಚಿತ ಬಳಕೆಯ ಪ್ರಶ್ನೆ ಮರುವಿಚಾರಣೆಗೆ ಹಿಂದಿರುಗಿತು.

2016ರ ಮೇ ತಿಂಗಳಲ್ಲಿ ನಡೆದ ಎರಡನೆಯ ವಿಚಾರಣೆಯಲ್ಲಿ ಒರಾಕಲ್ ಕೇಳಿದ ಮೊತ್ತ ಸುಮಾರು 900 ಕೋಟಿ ಡಾಲರ್. ಜ್ಯೂರಿ ಈ ಸಲ ಒಮ್ಮತದಿಂದ ಇದು ನ್ಯಾಯೋಚಿತ ಬಳಕೆ ಎಂದಿತು. 2018ರ ಮಾರ್ಚ್‌ನಲ್ಲಿ ಫೆಡರಲ್ ಸರ್ಕ್ಯೂಟ್ ಅದನ್ನೂ ಒಪ್ಪದೆ, ಜ್ಯೂರಿ ಗುರುತಿಸಿದ ಸಂಗತಿಗಳ ಮೇಲೆ ಅಂತಿಮ ತೀರ್ಮಾನ ನ್ಯಾಯಾಧೀಶರದು ಎಂದು ಹೇಳಿ ಒರಾಕಲ್ ಪರ ತೀರ್ಪಿತ್ತಿತು. ಜಿಲ್ಲಾ ನ್ಯಾಯಾಲಯ ಎರಡು ಸಲವೂ ಗೂಗಲ್ ಕಡೆ, ಫೆಡರಲ್ ಸರ್ಕ್ಯೂಟ್ ಎರಡು ಸಲವೂ ಒರಾಕಲ್ ಕಡೆ.

ಸುಪ್ರೀಂ ಕೋರ್ಟ್

2020ರ ಮಾರ್ಚ್‌ಗೆ ನಿಗದಿಯಾಗಿದ್ದ ವಾದ ಕೋವಿಡ್ ಕಾರಣಕ್ಕೆ ಮುಂದೂಡಿ ಅಕ್ಟೋಬರ್ 7ರಂದು ದೂರವಾಣಿಯ ಮೂಲಕ ನಡೆಯಿತು. ಅಷ್ಟರಲ್ಲಿ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡಿದ್ದರು, ಅವರ ಸ್ಥಾನಕ್ಕೆ ಬಂದ ಏಮಿ ಕೋನಿ ಬ್ಯಾರೆಟ್ ಈ ಪ್ರಕರಣದಲ್ಲಿ ಭಾಗವಹಿಸಲಿಲ್ಲ. ಎಂಟು ಮಂದಿಯಲ್ಲಿ ಆರು ಮಂದಿ ಗೂಗಲ್ ಕಡೆಗೆ ನಿಂತರು. ಸ್ಟೀಫನ್ ಬ್ರೇಯರ್ ಬಹುಮತದ ತೀರ್ಪು ಬರೆದರು.

ಅವರು ಮೊದಲ ಪುಟಗಳಲ್ಲೇ ಒಂದು ಹೆಜ್ಜೆ ಹಿಂದಿಟ್ಟರು. ತಂತ್ರಜ್ಞಾನ ವೇಗವಾಗಿ ಬದಲಾಗುತ್ತಿರುವಾಗ ಅಗತ್ಯಕ್ಕಿಂತ ಹೆಚ್ಚಿನದನ್ನು ನಿರ್ಧರಿಸಬಾರದೆಂದು ಹೇಳಿ, ಘೋಷಣಾ ಸಾಲುಗಳಿಗೆ ಹಕ್ಕುಸ್ವಾಮ್ಯ ಇದೆಯೆಂದು ವಾದಕ್ಕಾಗಿ ಒಪ್ಪಿಕೊಂಡು, ನೇರವಾಗಿ ನ್ಯಾಯೋಚಿತ ಬಳಕೆಯ ನಾಲ್ಕು ಅಂಶಗಳಿಗೆ ಇಳಿದರು. ಕೃತಿಯ ಸ್ವರೂಪದ ವಿಚಾರದಲ್ಲಿ, ಘೋಷಣಾ ಸಾಲುಗಳು ರಕ್ಷಣೆಯಿಲ್ಲದ ವಿಚಾರಗಳೊಂದಿಗೆ ಹೆಣೆದುಕೊಂಡಿವೆ, ಅವುಗಳ ಬೆಲೆಯ ದೊಡ್ಡ ಪಾಲು ಅವುಗಳನ್ನು ಕಲಿತ ಪ್ರೋಗ್ರಾಮರುಗಳ ಶ್ರಮದಿಂದ ಬಂದದ್ದು, ಹಾಗಾಗಿ ಅವು ಇತರ ಕೋಡಿಗಿಂತ ಹಕ್ಕುಸ್ವಾಮ್ಯದ ತಿರುಳಿನಿಂದ ದೂರ ಎಂದರು. ಬಳಕೆಯ ಉದ್ದೇಶ ಮೇಜಿನ ಕಂಪ್ಯೂಟರಿನ ಆಚೆಗೆ, ಫೋನಿನ ಹೊಸ ಪರಿಸರಕ್ಕೆ ವೇದಿಕೆ ಕಟ್ಟುವುದು. ನಕಲಿನ ಪ್ರಮಾಣ ಶೇ 0.4, ಮಾರುಕಟ್ಟೆಯ ವಿಚಾರದಲ್ಲಿ, ಆಂಡ್ರಾಯ್ಡ್ ಇರದಿದ್ದರೂ ಸನ್ ಸ್ಮಾರ್ಟ್‌ಫೋನಿನಲ್ಲಿ ಗೆಲ್ಲುವ ಸ್ಥಿತಿಯಲ್ಲಿರಲಿಲ್ಲ. ಹೀಗೆ ನಾಲ್ಕೂ ಅಂಶಗಳು ಗೂಗಲ್ ಕಡೆಗೇ ವಾಲಿದವು.

ಪ್ರೋಗ್ರಾಮರುಗಳ ಕಲಿಕೆಯ ಬಗ್ಗೆ ಹೇಳಿದ ಮಾತೇ ಈ ತೀರ್ಪಿನ ಸ್ವಂತ ಕೊಡುಗೆ. ಆ ಹೆಸರುಗಳನ್ನು ಸೃಷ್ಟಿಸಿದ್ದು ಸನ್, ಅವಕ್ಕೆ ಬೆಲೆ ತಂದುಕೊಟ್ಟದ್ದು ಕಲಿತವರು. ಆ ಕಲಿಕೆಗೆ ಒಬ್ಬನೇ ಬೀಗ ಹಾಕುವಂತಾದರೆ ಮುಂದಿನ ಸೃಜನಶೀಲತೆಗೆ ಅಡ್ಡಿ ಎಂಬುದು ಬ್ರೇಯರ್ ಅವರ ನಿಲುವು.

ಕ್ಲಾರೆನ್ಸ್ ಥಾಮಸ್ ಬರೆದ, ಸ್ಯಾಮ್ಯುಯೆಲ್ ಅಲಿಟೊ ಸೇರಿಕೊಂಡ ಭಿನ್ನಮತದ ತೀರ್ಪನ್ನು ತಂತ್ರಜ್ಞರು ಓದದೇ ಬದಿಗಿಟ್ಟದ್ದುಂಟು. ಅದು ನ್ಯಾಯವಲ್ಲ. ನೇರವಾಗಿ ಅಥವಾ ಪರೋಕ್ಷವಾಗಿ ಕಂಪ್ಯೂಟರಿನಲ್ಲಿ ಬಳಕೆಯಾಗುವ ಆದೇಶಗಳೆಂದು ಕಾಯಿದೆಯೇ ಪ್ರೋಗ್ರಾಮನ್ನು ವ್ಯಾಖ್ಯಾನಿಸಿರುವಾಗ, ಘೋಷಣಾ ಸಾಲು, ಕಾರ್ಯಗತ ಸಾಲು ಎಂಬ ಭೇದವನ್ನು ನ್ಯಾಯಾಲಯ ಎಲ್ಲಿಂದ ತಂದಿತು ಎಂಬ ಅವರ ಪ್ರಶ್ನೆಗೆ ಬಹುಮತದ ತೀರ್ಪಿನಲ್ಲಿ ನೇರ ಉತ್ತರವಿಲ್ಲ. ಹಕ್ಕುಸ್ವಾಮ್ಯ ಇದೆಯೇ ಎಂಬುದನ್ನು ಬಿಟ್ಟು ಮುಂದೆ ಹೋದದ್ದರಿಂದಲೇ ನ್ಯಾಯೋಚಿತ ಬಳಕೆಯ ವಿಶ್ಲೇಷಣೆ ವಾಲಿತು ಎಂದು ಅವರು ದೂರಿದರು. ಮಾರುಕಟ್ಟೆಯ ಹಾನಿಗೂ ಅವರು ಲೆಕ್ಕ ಕೊಟ್ಟರು: ಉಚಿತ ಆಂಡ್ರಾಯ್ಡನ್ನು ತೋರಿಸಿ ಅಮೆಜಾನ್ ಪರವಾನಗಿ ಶುಲ್ಕದಲ್ಲಿ ಶೇ 97.5 ರಿಯಾಯಿತಿ ಪಡೆಯಿತು, ಸ್ಯಾಮ್ಸಂಗ್ ಜೊತೆಗಿನ ಒಪ್ಪಂದದ ಮೊತ್ತ 4 ಕೋಟಿ ಡಾಲರಿನಿಂದ ಸುಮಾರು 10 ಲಕ್ಷಕ್ಕೆ ಇಳಿಯಿತು. ಅದೇ ಹೊತ್ತಿನಲ್ಲಿ, 2015ರ ಸುಮಾರಿಗೆ, ಆಂಡ್ರಾಯ್ಡಿನ ಆದಾಯ 4,200 ಕೋಟಿ ಡಾಲರನ್ನು ದಾಟಿತ್ತು ಎಂದು ಬಹುಮತದ ತೀರ್ಪೇ ದಾಖಲಿಸಿದೆ. ನಾನು ಬಹುಮತದ ಫಲಿತಾಂಶವನ್ನು ಒಪ್ಪುತ್ತೇನೆ, ಅದನ್ನು ತಲುಪಿದ ದಾರಿಯನ್ನಲ್ಲ. ಆಲ್ಸಪ್ ಮಾಡಿದಂತೆ 102(ಬಿ) ಕಲಮನ್ನು ಎದುರಿಸಿದ್ದರೆ, ಮುಂದಿನ ಸಣ್ಣ ಕಂಪನಿಯೊಂದು ಎಪಿಐ ಅನುಕರಿಸುವ ಮೊದಲು ನಾಲ್ಕು ಅಂಶಗಳ ತಕ್ಕಡಿ ಹಿಡಿದ ವಕೀಲರಿಗೆ ಹಣ ತೆರುವ ಅಗತ್ಯ ಬೀಳುತ್ತಿರಲಿಲ್ಲ.

ಯುರೋಪ್ ಈ ಧೈರ್ಯವನ್ನು ಮೊದಲೇ ತೋರಿಸಿತ್ತು. ಆಲ್ಸಪ್ ತೀರ್ಪು ಬಂದ ಅದೇ ತಿಂಗಳು, 2012ರ ಮೇ 2ರಂದು, ಯುರೋಪಿಯನ್ ನ್ಯಾಯಾಲಯವು ಎಸ್‌ಎಎಸ್ ಇನ್‌ಸ್ಟಿಟ್ಯೂಟ್–ವರ್ಲ್ಡ್ ಪ್ರೋಗ್ರಾಮಿಂಗ್ ಪ್ರಕರಣದಲ್ಲಿ, ಪ್ರೋಗ್ರಾಮಿನ ಕಾರ್ಯಸಾಮರ್ಥ್ಯ, ಪ್ರೋಗ್ರಾಮಿಂಗ್ ಭಾಷೆ, ಕಡತಗಳ ಸ್ವರೂಪ ಇವು ಪ್ರೋಗ್ರಾಮಿಗೆ ದೊರೆಯುವ ಹಕ್ಕುಸ್ವಾಮ್ಯದ ಒಳಗೆ ಬರುವುದಿಲ್ಲ ಎಂದು ನೇರವಾಗಿ ಹೇಳಿತ್ತು.

ಇದೇ ಮೊಕದ್ದಮೆ ಭಾರತದಲ್ಲಾಗಿದ್ದರೆ

ಪೇಟೆಂಟಿನ ಭಾಗ ಇಲ್ಲಿ ಬಹುಶಃ ಇನ್ನೂ ಬೇಗ ಮುಗಿಯುತ್ತಿತ್ತು. ಪೇಟೆಂಟ್ ಕಾಯಿದೆಯ 3(ಕೆ) ಕಲಮು ಗಣಿತದ ವಿಧಾನ, ವ್ಯವಹಾರದ ವಿಧಾನ, ಅಲ್ಗಾರಿದಂ ಮತ್ತು ಬರಿಯ ಕಂಪ್ಯೂಟರ್ ಪ್ರೋಗ್ರಾಂ ಆವಿಷ್ಕಾರವಲ್ಲ ಎನ್ನುತ್ತದೆ. ತಾಂತ್ರಿಕ ಪರಿಣಾಮ ತೋರಿಸಿದರೆ ಬಾಗಿಲು ಮುಚ್ಚಿಲ್ಲವೆಂದು ದೆಹಲಿ ಹೈಕೋರ್ಟ್ 2019ರ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದೆ. ಪ್ರೋಗ್ರಾಂ ಬೇಗ ಓಡುವಂತೆ ಮಾಡುವ ಗಾಸ್ಲಿಂಗ್ ಉಪಾಯ ಆ ಬಾಗಿಲಿನಲ್ಲಿ ತೂರಬಹುದೇನೋ. ಅದು ವಾದಕ್ಕೆ ಬಿಟ್ಟ ಸಂಗತಿ.

ಹಕ್ಕುಸ್ವಾಮ್ಯದ ಕಡೆ ವಿಷಯ ಗಂಭೀರ. 1957ರ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯಕೃತಿ. ಗೂಗಲನ್ನು ಉಳಿಸಿದ ನ್ಯಾಯೋಚಿತ ಬಳಕೆಗೆ ಹತ್ತಿರದ ನಮ್ಮ ಕಲಮು 52(1)(ಎ). ಅದು ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ವರದಿಗಾರಿಕೆ ಎಂಬ ಎಣಿಸಿಟ್ಟ ಉದ್ದೇಶಗಳಿಗೆ ಮಾತ್ರ ಮೀಸಲು. ಅದಕ್ಕಿಂತ ಮುಖ್ಯವಾಗಿ, ಯಾವುದೇ ಕೃತಿಗೆ ಅನ್ವಯಿಸುತ್ತದೆ ಎಂದು ಹೇಳುವಾಗಲೇ ಕಂಪ್ಯೂಟರ್ ಪ್ರೋಗ್ರಾಂ ಅಲ್ಲದ ಕೃತಿ ಎಂದು ಆರಂಭದಲ್ಲೇ ಹೊರಗಿಟ್ಟಿದೆ. ಬ್ರೇಯರ್ ನಡೆದ ದಾರಿ ಇಲ್ಲಿ ಹೊಸ್ತಿಲಲ್ಲೇ ಮುಗಿಯುತ್ತದೆ.

ಉಳಿಯುವುದು ಎರಡು ವಾದ. ಒಂದು, ವಿಚಾರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅಭಿವ್ಯಕ್ತಿಗೆ ಮಾತ್ರ ಎಂದು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ ತತ್ತ್ವ. ಅದು ನಾಟಕ ಮತ್ತು ಸಿನಿಮಾದ ಪ್ರಕರಣ, ಎಪಿಐವರೆಗೆ ಅದನ್ನು ಎಳೆದು ತರಬೇಕು. ಇನ್ನೊಂದು 52(1)(ಎಬಿ): ಸ್ವತಂತ್ರವಾಗಿ ರಚಿಸಿದ ಪ್ರೋಗ್ರಾಂ ಇತರ ಪ್ರೋಗ್ರಾಂಗಳೊಂದಿಗೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿಯನ್ನು ಪಡೆಯುವುದಕ್ಕೆ ಅಗತ್ಯವಾದ ಕೃತ್ಯವು, ಆ ಮಾಹಿತಿ ಬೇರೆಡೆ ಸುಲಭವಾಗಿ ಸಿಗದಿದ್ದಲ್ಲಿ, ಉಲ್ಲಂಘನೆಯಲ್ಲ. ಜಾವಾದ ಘೋಷಣಾ ಸಾಲುಗಳು ದಸ್ತಾವೇಜುಗಳಲ್ಲಿ ಎಲ್ಲರಿಗೂ ಸಿಗುತ್ತಿದ್ದವು, ಹಾಗಾಗಿ ಷರತ್ತೇ ಈಡೇರುವುದಿಲ್ಲ ಎಂದು ಎದುರಾಳಿ ಹೇಳಬಹುದು. ಕಲಮು ಮಾಹಿತಿ ‘ಪಡೆಯುವ’ ಕೃತ್ಯಕ್ಕೆ ರಕ್ಷಣೆ ಕೊಡುತ್ತದೆ. ಪಡೆದದ್ದನ್ನು ತನ್ನ ಕೋಡಿನಲ್ಲಿ ಅಕ್ಷರಶಃ ಬರೆದುಕೊಂಡು ಮಾರುಕಟ್ಟೆಗೆ ತರುವುದರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಇನ್ನೊಬ್ಬರ ಎಪಿಐಗೆ ಹೊಂದುವಂತೆ ಉತ್ಪನ್ನ ಕಟ್ಟಿ, 2021ರ ತೀರ್ಪನ್ನೇ ಗುರಾಣಿಯೆಂದು ನಂಬಿರುವ ಭಾರತೀಯ ಕಂಪನಿಯು ತನ್ನ ವಕೀಲರ ಮುಂದೆ ಮೊದಲು ಇಡಬೇಕಾದದ್ದು ಈ ಕಲಮನ್ನು.